ನಮ್ಮ ಮಣ್ಣಿನ ಓಣಿಗೆ ಕಾಂಕ್ರೀಟ್ ಬರುತ್ತದಂತೆ, ಸಹಿ ಹಾಕುವುದಾ ಬೇಡವಾ?

ಓಣಿಮನೆ (ಭಾನುವಾರ, ಬೆಳಿಗ್ಗೆ 10.20)

ಕಾಸರಗೋಡು ಪೇಟೆಯ ಒಳಗೆ ಇನ್ನೂ ಮಣ್ಣಿನ ದಾರಿ ಉಂಟು ಅಂದರೆ ಹೊರಗಿನವರು ನಂಬುವುದಿಲ್ಲ. ನಮ್ಮ ಮನೆ ಇರುವುದು ಅಂಥ ಒಂದು ಓಣಿಯಲ್ಲಿ. ಮುಖ್ಯ ರಸ್ತೆಯಲ್ಲಿ ಮೊಬೈಲ್ ಅಂಗಡಿ, ಜ್ಯೂಸ್ ಅಂಗಡಿ, ಬಸ್ಸಿನ ಹಾರ್ನ್, ಎಲ್ಲಾ ಗಲಾಟೆ. ಅಲ್ಲಿಂದ ಎಡಕ್ಕೆ ತಿರುಗಿದರೆ ಇನ್ನೂರು ಮೀಟರ್ ಕೆಂಪು ಮಣ್ಣು. ಹನ್ನೊಂದು ಮನೆ. ಎರಡೂ ಬದಿಗೆ ಮುರಕಲ್ಲಿನ, ಅಂದರೆ ನಮ್ಮ ಕಡೆಯ ಕೆಂಪು ಕಲ್ಲಿನ, ಹಳೆ ಪಾಗಾರ, ಅದರ ಸಂದಿಯಲ್ಲಿ ಜರಿಗಿಡ. ನಡುವೆ ಒಂದು ಕಾಟು ಮಾವಿನ ಮರ. ಅದು ಯಾರ ಜಾಗದಲ್ಲಿ ಉಂಟು ಅಂತ ಇವತ್ತಿಗೂ ತೀರ್ಮಾನ ಆಗಿಲ್ಲ. ಹಾಗಾಗಿ ಕಡಿಯುವವರೂ ಇಲ್ಲ.

ನಾನು ಮಂಗಳೂರಿಗೆ ಕೆಲಸಕ್ಕೆ ಹೋಗಿ ಬರುವವ. ರೈಲಿನಲ್ಲಿ ಹೋಗಲು 46 ಕಿ.ಮೀ., ಬರಲು 46. ಸಂಜೆ ಓಣಿಗೆ ಕಾಲಿಟ್ಟ ಕೂಡಲೇ ಚಪ್ಪಲಿಯ ಸದ್ದು ಬದಲಾಗುತ್ತದೆ. ಟಪಟಪ ನಿಂತು ಚರಚರ ಶುರು. ಆ ಸದ್ದು ಕೇಳಿದ ಮೇಲೆಯೇ ನನಗೆ ಮನೆಗೆ ಬಂದ ಹಾಗೆ. ಮೇ ತಿಂಗಳಲ್ಲಿ ಕಾಟು ಮಾವಿನಹಣ್ಣು ಬಿದ್ದರೆ ಪುಳಕ್ಕಂತ ಸದ್ದು, ಮಕ್ಕಳ ಓಟ. ಬೆಳಿಗ್ಗೆ ಏಳೂವರೆಗೆ ಮೀನಿನವನು ಸ್ಕೂಟರಲ್ಲಿ ಬಂದು ಓಣಿಯ ಬಾಯಲ್ಲಿ ನಿಂತು ಪೀಂ ಪೀಂ ಮಾಡುತ್ತಾನೆ. ಅಮ್ಮ ಸ್ಟೀಲ್ ಪಾತ್ರೆ ಹಿಡಿದು ಹೊರಡುತ್ತಾರೆ, ಹಿಂದೆ ಮೂರು ಬೆಕ್ಕು. ಬೇರೆ ಮನೆಯ ಹೆಂಗಸರೂ ಬರುತ್ತಾರೆ. ಮೀನು ತೆಗೆದುಕೊಳ್ಳಲು ಎರಡು ನಿಮಿಷ, ಮಾತಿಗೆ ಇಪ್ಪತ್ತು. ಈ ಮೆರವಣಿಗೆ ನೋಡಿಯೇ ನಾನು ರೈಲಿಗೆ ಹೊರಡುವುದು. ಪೇಟೆಯ ನಡುವೆ ಒಂದು ಹಳ್ಳಿ ಇಟ್ಟುಕೊಂಡ ಹಾಗೆ.

ಈಗ ಕೊನೆಯ ಮನೆಯವರು ಕಾಂಕ್ರೀಟ್ ಬೇಕು ಅಂತ ಅರ್ಜಿ ಬರೆದಿದ್ದಾರೆ. ಮುಂದಿನ ವಾರ್ಡ್ ಸಭೆಗೆ ಕೊಡುತ್ತಾರಂತೆ. "ಹೆಚ್ಚಿನವರದ್ದು ಸಹಿ ಆಯಿತು" ಅಂತ ದಾರಿಯಲ್ಲಿ ಸಿಕ್ಕಿ ಹೇಳಿದರು. ನಾನು "ನೋಡುವ" ಅಂದೆ. ಅಡ್ಡಗಾಲು ಹಾಕುವವ ಅಂತ ಹೆಸರು ಬರುವುದು ಬೇಡ. ಆದರೆ ಮನಸ್ಸೂ ಇಲ್ಲ. ಎಂತ ಮಾಡುವುದು?

ಗೇರುಬೀಜ

ಹಾಕಬೇಡಿ. ನಮ್ಮ ಓಣಿಗೆ ಹಾಕಿ ಲಗಾಡಿ ಹೋಯಿತು. ಈಗ ರಾತ್ರಿ ಎಂಟಕ್ಕೂ ನೆಲ ಬಿಸಿ.

ಬೈಲುಕರೆ

ಚೆಂದ ಬರೆದಿದ್ದೀರಿ. ಆದರೆ ಮಳೆಗಾಲದ ಬಗ್ಗೆ ಒಂದಕ್ಷರ ಇಲ್ಲ. ಚಪ್ಪಲಿ ಚರಚರ ಅನ್ನುವುದು ಡಿಸೆಂಬರಿನ ಕಥೆ. ಜುಲೈಯಲ್ಲಿ ಅದೇ ಚಪ್ಪಲಿ ಪಚಕ್ ಪಚಕ್ ಅಂತ ಪ್ಯಾಂಟಿನ ಹಿಂಭಾಗಕ್ಕೆಲ್ಲ ಕೆಂಪು ಚುಕ್ಕೆ ಹಾರಿಸುತ್ತದೆ ಅಲ್ವಾ? ಆ ಪ್ಯಾಂಟು ಒಗೆಯುವವರು ಯಾರು ಅಂತ ಕೇಳಬಹುದಾ?

ಓಣಿಮನೆ

ಬೈಲುಕರೆ ಅವರೇ, ಒಪ್ಪಿದೆ. ಕೆಸರು ಉಂಟು. ಆದರೆ ನಮ್ಮದು ಚರಳು ಮಣ್ಣು, ಸಣ್ಣ ಕಲ್ಲು ಸೇರಿದ್ದು. ಮಳೆ ನಿಂತು ಒಂದು ಗಂಟೆ ಆದರೆ ನಡೆಯಬಹುದು. ಒಗೆಯುವುದು ಮೆಷಿನ್.

ಬೈಲುಕರೆ

ಮೆಷಿನಿಗೆ ಹಾಕುವ ಮೊದಲು ಕಲ್ಲಲ್ಲಿ ಉಜ್ಜುವವರು ಯಾರು ಅಂತ ಕೇಳಿದ್ದು 🙂

ಸ್ಟ್ಯಾಂಡ್ ನಂಬರ್ 3

ನಾನು ಆಟೋ ಓಡಿಸುವವ. ಕನ್ನಡ ಓದಲು ಬರುತ್ತದೆ, ಹಾಗಾಗಿ ನಾನೂ ಎರಡು ಮಾತು ಬರೆಯುತ್ತೇನೆ.

ಇಂಥ ಓಣಿಗೆ ಬಾಡಿಗೆ ಕೇಳಿದರೆ ನಾವು ಬಾಯಲ್ಲಿ ಇಳಿಸಿ ಹೋಗುತ್ತೇವೆ. ಜನ ಬೈಯುತ್ತಾರೆ, ಅಹಂಕಾರ ಅನ್ನುತ್ತಾರೆ. ಆಟೋದ ಚಕ್ರ ಎಷ್ಟು ಸಣ್ಣದು ನೋಡಿದ್ದೀರಾ? ಕಾರು ಹತ್ತಿ ಇಳಿಯುವ ಗುಂಡಿಯಲ್ಲಿ ನಮ್ಮ ಮುಂದಿನ ಚಕ್ರ ಕೂತುಬಿಡುತ್ತದೆ. ಕಾರಿನ ಎರಡು ಚಕ್ರದ ಜಾಡು ಆಳ ಆಗಿರುತ್ತದೆ. ನಮಗೆ ಮುಂದೆ ಒಂದೇ ಚಕ್ರ, ಅದು ನಡುವಿನ ದಿಬ್ಬದ ಮೇಲೆ. ಹಿಂದಿನ ಎರಡು ಜಾಡಿನಲ್ಲಿ. ಗಾಡಿ ಹೇಗೆ ಕುಣಿಯುತ್ತದೆ ಅಂತ ನಮಗೆ ಮಾತ್ರ ಗೊತ್ತು. ಒಮ್ಮೆ ಹೆರಿಗೆ ಆಗಿ ನಾಲ್ಕು ದಿನದ ಮಗುವನ್ನು ಕರೆದುಕೊಂಡು ಬರುವಾಗ ಇಂಥ ದಾರಿಯಲ್ಲಿ ಹೋಗಿದ್ದೇನೆ. ಆ ಹುಡುಗಿ ಬಾಯಿ ಮುಚ್ಚಿ ಅಳುತ್ತಿದ್ದಳು. ನಡೆಯುವ ವೇಗದಲ್ಲಿ ಹೋದೆ. ಆಮೇಲೆ ಬಾಡಿಗೆ ಕೇಳಲು ನನಗೆ ನಾಚಿಕೆ ಆಯಿತು.

ಅಣ್ಣ, ನಿಮ್ಮ ಓಣಿ ಚೆಂದ ಇರಬಹುದು. ಅದರೊಳಗೆ ಗಾಡಿ ಬಿಡುವವರ ಹತ್ತಿರವೂ ಒಮ್ಮೆ ಕೇಳಿ.

ಪೆರ್ಲದ ಟೀಚರ್

ನಾನು ಮದುವೆಯಾಗಿ ಪೇಟೆಗೆ ಬಂದವಳು. ಪೆರ್ಲದ ಗುಡ್ಡೆ ಬಿಟ್ಟು ಬರುವಾಗ ಅತ್ತದ್ದು ಅಷ್ಟಿಷ್ಟಲ್ಲ. ಇಲ್ಲಿ ಗಂಡನ ಮನೆ ಮುಂದೆಯೂ ಮಣ್ಣಿನ ದಾರಿ ಇತ್ತು, ಅದು ನೋಡಿ ಸಮಾಧಾನ ಆಯಿತು. ಮೊದಲ ಮಳೆ ಬಿದ್ದ ಹತ್ತು ದಿನಕ್ಕೆ ದಾರಿ ಬದಿಯಲ್ಲಿ ತಜಂಕ್ ಸೊಪ್ಪು ಏಳುತ್ತಿತ್ತು. ಎಳೆಯದಿರುವಾಗಲೇ ಚಿವುಟಿ ಪಲ್ಯ. ಹಲಸಿನ ಬೀಜ ಹಾಕಿದರೆ ಬೇರೆ ಎಂತದೂ ಬೇಡ. ಬಾವಿಯ ಹತ್ತಿರ ನೀರು ಹರಿಯುವಲ್ಲಿ ತಿಮರೆ (ಒಂದೆಲಗ), ಅದರ ಚಟ್ನಿ. ಆಟಿ ತಿಂಗಳ ಮಳೆಯಲ್ಲಿ ಮರದ ಮೇಲಿನ ಕೆಸು, ಅದರ ಎಲೆಯ ಪತ್ರೊಡೆ. ಪೇಟೆಯಲ್ಲಿದ್ದೂ ತರಕಾರಿಗೆ ದುಡ್ಡು ಕೊಡದ ತಿಂಗಳು ಅದು.

ಐದು ವರ್ಷದ ಹಿಂದೆ ಇಂಟರ್‌ಲಾಕ್ ಹಾಕಿದರು. ತಜಂಕ್ ಹೋಯಿತು. ಈಗ ಸಂತೆಯಲ್ಲಿ ಕಟ್ಟು ಕಟ್ಟು ಮಾರುತ್ತಾರೆ, ಕೊಳ್ಳುವಾಗ ನಗು ಬರುತ್ತದೆ.

ಆದರೆ ಇನ್ನೊಂದು ಮಾತೂ ಹೇಳಬೇಕು. ಮಾವನಿಗೆ ಆಗ ಎಪ್ಪತ್ತೆಂಟು. ಮಣ್ಣಿನ ದಾರಿ ಇದ್ದ ಕೊನೆಯ ಮಳೆಗಾಲ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಮೇಲೆ ಎದ್ದು ನಡೆಯಲೇ ಇಲ್ಲ. ಸಹಿ ಹಾಕಿದ್ದು ನಾನೇ. ಪಲ್ಯ ನೆನಪಾದಾಗಲೆಲ್ಲ ಅದೂ ನೆನಪಾಗುತ್ತದೆ.

ಓಣಿಮನೆ

ಟೀಚರ್, ನಿಮ್ಮ ಬರಹ ಓದಿ ಎಂತ ಹೇಳುವುದು ಗೊತ್ತಾಗಲಿಲ್ಲ.

ಗೇರುಬೀಜ

ಟೀಚರ್ ಅವರ ನೋವು ದೊಡ್ಡದು. ಆದರೆ ಒಂದು ಮಾತು. ಮಳೆಗಾಲದಲ್ಲಿ ಕಾಂಕ್ರೀಟ್, ಇಂಟರ್‌ಲಾಕ್ ಎರಡೂ ಹಾವಸೆ ಹಿಡಿಯುತ್ತವೆ. ನಮ್ಮ ಅಂಗಳದಲ್ಲೇ ನಾನು ಎರಡು ಸಲ ಬಿದ್ದಿದ್ದೇನೆ. ಬ್ಲೀಚಿಂಗ್ ಪುಡಿ ಹಾಕಿ ಉಜ್ಜಬೇಕು. ಓಣಿಯನ್ನು ಯಾರು ಉಜ್ಜುತ್ತಾರೆ?

ಮುರಕಲ್ಲು

ಇಲ್ಲಿ ಎಲ್ಲರೂ ಮಣ್ಣಾ ಕಾಂಕ್ರೀಟಾ ಅಂತ ಜಗಳ ಮಾಡುತ್ತಿದ್ದಾರೆ. ದಾರಿ ಹಾಳಾಗುವುದು ಮಣ್ಣಿನಿಂದಲ್ಲ, ನೀರಿನಿಂದ. ನಾನು ನಲವತ್ತು ವರ್ಷ ರಸ್ತೆ ಕೆಲಸ ಮಾಡಿಸಿದವ.

ಹಿಂದೆ ಮಣ್ಣಿನ ದಾರಿ ಅಂದರೆ ಸುಮ್ನೆ ಬಿಟ್ಟ ಜಾಗ ಅಲ್ಲ. ನಡುವೆ ಸ್ವಲ್ಪ ಬೆನ್ನು ಎತ್ತಿರುತ್ತಿತ್ತು. ನೀರು ಎರಡು ಬದಿಗೆ ಇಳಿದು ಕಣಿಗೆ ಹೋಗುತ್ತಿತ್ತು. ಮೇ ಕೊನೆಯಲ್ಲಿ ಮನೆಗೊಬ್ಬರು ಹಾರೆ ಹಿಡಿದು ಕಣಿ ಬಿಡಿಸುತ್ತಿದ್ದರು. ಈಗ ಕಣಿ ಎಲ್ಲಿ? ಎಲ್ಲರೂ ಗೇಟಿನ ಎದುರು ಕಾರು ಏರಿಸಲು ಕಣಿಗೆ ಮಣ್ಣು ತುಂಬಿಸಿದ್ದಾರೆ. ಆಮೇಲೆ ನೀರು ದಾರಿಯ ನಡುವೆಯೇ ತೋಡಿನ ಹಾಗೆ ಹರಿಯುತ್ತದೆ. ಸಣ್ಣ ಮಣ್ಣೆಲ್ಲ ತೊಳೆದು ಹೋಗಿ ಬರೀ ಕಲ್ಲು ಉಳಿಯುತ್ತದೆ. ಆಗ "ಮಣ್ಣಿನ ದಾರಿ ಸರಿ ಇಲ್ಲ" ಅನ್ನುತ್ತಾರೆ.

ನಮ್ಮ ಮುರಮಣ್ಣಿಗೆ ಒಂದು ಗುಣ ಉಂಟು. ಒಳಗಿರುವಾಗ ಮೆತ್ತಗೆ, ಕೊಡಲಿಯಲ್ಲಿ ಕಡಿಯಬಹುದು. ಹೊರಗೆ ಗಾಳಿಗೆ ಒಣಗಿದ ಮೇಲೆ ಅದರಲ್ಲಿರುವ ಕಬ್ಬಿಣದ ಅಂಶದಿಂದ ಗಟ್ಟಿಯಾಗುತ್ತದೆ. ಬೇಕಲ ಕೋಟೆ ನಿಂತಿರುವುದು ಇದೇ ಕಲ್ಲಿನಲ್ಲಿ. ಒಳ್ಳೆ ಚರಳು ಹಾಕಿ, ನೀರು ಚಿಮುಕಿಸಿ, ರೋಲರ್ ಹಾಯಿಸಿದರೆ ನಾಲ್ಕು ಮಳೆಗಾಲ ಎಂತ ತೊಂದರೆ ಇಲ್ಲ. ಆದರೆ ಕಣಿ ಬೇಕೇ ಬೇಕು.

ಕುಂಬಳೆ ಪ್ಯಾಸೆಂಜರ್

ಲ್ಯಾಟರೈಟ್ ಅಂತ ಈ ಕಲ್ಲಿಗೆ ಇಂಗ್ಲಿಷ್ ಹೆಸರು ಬಂದದ್ದೇ ನಮ್ಮ ಬೇಕಲದಿಂದ ಅಲ್ವಾ? ಎಲ್ಲೋ ಓದಿದ ನೆನಪು.

ಮುರಕಲ್ಲು

ಅಲ್ಲ ಮಾರಾಯ್ರೆ. ಅದು ಮಲಪ್ಪುರಂ ಜಿಲ್ಲೆಯ ಅಂಗಾಡಿಪುರಂ. ಬುಕಾನನ್ ಅನ್ನುವ ಡಾಕ್ಟರ್ ಈ ಕಡೆಯೆಲ್ಲ ತಿರುಗುವಾಗ ಜನ ಮಣ್ಣನ್ನು ಇಟ್ಟಿಗೆಯ ಹಾಗೆ ಕಡಿದು ಮನೆ ಕಟ್ಟುವುದನ್ನು ಅಲ್ಲಿ ನೋಡಿದ. 1807ರಲ್ಲಿ ಲ್ಯಾಟಿನ್ ಭಾಷೆಯ ಇಟ್ಟಿಗೆ ಅನ್ನುವ ಶಬ್ದದಿಂದ ಹೆಸರು ಮಾಡಿದ. ಅಂಗಾಡಿಪುರಂನಲ್ಲಿ ಅದಕ್ಕೆ ಸ್ಮಾರಕವೂ ಉಂಟು. ಬೇಕಲದ್ದು ಕೆಳದಿಯ ಶಿವಪ್ಪ ನಾಯಕನ ಕಥೆ, ಬೇರೆ.

ಕುಂಬಳೆ ಪ್ಯಾಸೆಂಜರ್

ಸರಿ ಮಾವ. ತಿದ್ದಿಕೊಂಡೆ.

ಅಕ್ಕಲಕೋಟೆಯವ

ನಮಸ್ಕಾರ್ರೀ. ಸೊಲ್ಲಾಪುರ ಜಿಲ್ಲೆಯಿಂದ. ನಿಮ್ಮ ಓಣಿ ಕಥೆ ಓದಿ ಹೊಟ್ಟೆ ಉರಿಯಿತು ನೋಡ್ರಿ. ನಮ್ಮಲ್ಲೂ ಓಣಿ ಅಂತೇ ಅಂತೇವೆ. ಆದರೆ ನಮ್ಮದು ಎರೆ ಮಣ್ಣು. ಒಂದು ಅಡ್ಡ ಮಳೆ ಬಂತಂದ್ರ ಚಪ್ಪಲಿಗೆ ಮೆತ್ತಿಕೊಂಡು ಒಂದೊಂದು ಕಾಲು ಎರಡೆರಡು ಕೆಜಿ ಆಗುತ್ತದೆ. ಸೈಕಲ್ ಮಡ್‌ಗಾರ್ಡಿನಲ್ಲಿ ಮಣ್ಣು ಸಿಕ್ಕಿ ಚಕ್ರ ನಿಂತೇ ಬಿಡುತ್ತದೆ. ಹೆಗಲ ಮೇಲೆ ಸೈಕಲ್ ಹೊತ್ತು ಸಾಲಿಗೆ ಹೋದವರು ನಾವು. ಬೇಸಿಗೆಯಲ್ಲಿ ಅದೇ ನೆಲ ಬಿರುಕು ಬಿಡುತ್ತದೆ, ಮಕ್ಕಳ ಗೋಲಿ ಒಳಗೆ ಹೋದರೆ ಸಿಗುವುದಿಲ್ಲ.

ನಮ್ಮ ಓಣಿಗೆ ಮುರುಮು ಹಾಕಿದ ದಿನ ಅಜ್ಜಿ ನೆಲಕ್ಕೆ ಅರಿಷಿಣ ಕುಂಕುಮ ಹಚ್ಚಿದ್ದಳು. ಡಾಂಬರು ಬಂದ ದಿನ ಊರಿಗೇ ಪೇಡೆ ಹಂಚಿದರು. ಮಣ್ಣಿನ ದಾರಿ ಚೆಂದ ಅನ್ನಬೇಕಾದರೆ ಮಣ್ಣು ಕೆಂಪಿರಬೇಕು ಅನ್ನಿಸುತ್ತದೆ.

ಹೊಸೂರು ಬಸ್‌ಸ್ಟ್ಯಾಂಡ್

ನಮ್ಮ ಬೀದಿಯೂ ಮಣ್ಣೇ ಸ್ವಾಮಿ. ಹತ್ತು ವರ್ಷದ ಹಿಂದೆ ಸೈಟ್ ಮಾರುವಾಗ "ಮೂವತ್ತು ಅಡಿ ರಸ್ತೆ" ಅಂತ ಬಣ್ಣದ ಕಾಗದದಲ್ಲಿ ತೋರಿಸಿದ್ದರು. ಲೇಔಟ್ ಮಾಡಿದವನು ದುಡ್ಡು ಎಣಿಸಿಕೊಂಡು ಹೋದವನು ತಿರುಗಿ ನೋಡಲಿಲ್ಲ. ನಮ್ಮಲ್ಲಿ ಯಾರೂ ಅದನ್ನು ಹಳ್ಳಿಯ ಚೆಂದ ಅಂತ ಬರೆದಿಲ್ಲ. ಮೋಸ ಅಂತ ಬರೆದಿದ್ದೇವೆ.

ಗೇರುಬೀಜ

😀😀 ಪೇಡೆ ಮತ್ತು ಮೋಸ ಎರಡೂ ಒಂದೇ ಥ್ರೆಡ್ಡಿನಲ್ಲಿ.

ಬಾವಿಕಟ್ಟೆ

ಬಾವಿಯ ವಿಷಯ ಯಾರೂ ಎತ್ತಲಿಲ್ಲ. ಲೆಕ್ಕ ಹಾಕುವ. ಓಣಿ 200 ಮೀಟರ್ ಉದ್ದ, 3 ಮೀಟರ್ ಅಗಲ ಅಂತ ಹಿಡಿಯಿರಿ. 600 ಚದರ ಮೀಟರ್ ಆಯಿತು. ನಮ್ಮಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ. ಅಂದರೆ ಆ ಓಣಿಯ ಮೇಲೆ ಮಾತ್ರ 21 ಲಕ್ಷ ಲೀಟರ್ ನೀರು ಬೀಳುತ್ತದೆ. 12,000 ಲೀಟರಿನ ಟ್ಯಾಂಕರ್ ಆದರೆ 175 ಟ್ಯಾಂಕರ್! ಕಾಂಕ್ರೀಟ್ ಹಾಕಿದರೆ ಅಷ್ಟೂ ಚರಂಡಿಗೆ, ಚರಂಡಿಯಿಂದ ಸಮುದ್ರಕ್ಕೆ. ಮಾರ್ಚಿಯಲ್ಲಿ ಬಾವಿ ತಳ ಕಂಡಾಗ ಅದೇ ಜನ ಟ್ಯಾಂಕರಿಗೆ ಫೋನ್ ಮಾಡುತ್ತಾರೆ.

ಇಂಗುಗುಂಡಿ

ಬಾವಿಕಟ್ಟೆ ಅವರ ಗುಣಾಕಾರ ಸರಿ, ಅರ್ಥ ತಪ್ಪು. ಬಿದ್ದದ್ದೆಲ್ಲ ಇಂಗುವುದಿಲ್ಲ. ಗಾಡಿ ಓಡಿ ಓಡಿ ಗಟ್ಟಿಯಾದ ದಾರಿ ಅರ್ಧ ಕಾಂಕ್ರೀಟೇ. ಮೇಲಾಗಿ ಮುಕ್ಕಾಲು ಮಳೆ ಬರುವುದು ಜೂನ್ ಜುಲೈ ಆಗಸ್ಟಿನಲ್ಲಿ. ಆಗ ನೆಲ ನೀರು ಕುಡಿದು ಕುಡಿದು ಸಾಕಾಗಿರುತ್ತದೆ, ಮೇಲಿನದ್ದು ಹರಿದೇ ಹೋಗುತ್ತದೆ.

ಇನ್ನೊಂದು ಲೆಕ್ಕ ನಾನು ಕೊಡುತ್ತೇನೆ. ಒಂದು ಮನೆಯ ಮಾಡು (ಛಾವಣಿ) 120 ಚದರ ಮೀಟರ್ ಹಿಡಿದರೆ ಹನ್ನೊಂದು ಮನೆಗೆ 1,320. ಓಣಿಯ ಎರಡು ಪಾಲಿಗಿಂತ ಜಾಸ್ತಿ. ಆ ಮಾಡಿನ ನೀರು ಈಗ ಎಲ್ಲಿ ಹೋಗುತ್ತದೆ? ಪೈಪ್ ಇಟ್ಟು ಓಣಿಗೇ ಬಿಡುತ್ತಾರೆ! ಓಣಿ ಕೊರೆದು ಹೋಗುವುದೇ ಅದರಿಂದ. ಬಾವಿ ಬಗ್ಗೆ ಅಷ್ಟು ಪ್ರೀತಿ ಇದ್ದವರು ಮಾಡಿನ ನೀರನ್ನು ಸೋಸಿ ಬಾವಿಗೆ ಬಿಡಿ. ಅಂಗಳಕ್ಕೆಲ್ಲ ಇಂಟರ್‌ಲಾಕ್ ಹೊದೆಸಿ ಓಣಿ ಮಾತ್ರ ಮಣ್ಣಿರಲಿ ಅನ್ನುವುದು ಯಾವ ನ್ಯಾಯ?

ಬಾವಿಕಟ್ಟೆ

ನಮ್ಮ ಅಂಗಳ ಸೆಗಣಿ ಸಾರಿಸಿದ ಅಂಗಳ. ಇಂಟರ್‌ಲಾಕ್ ಅಲ್ಲ. ದಯವಿಟ್ಟು ಗೊತ್ತಿಲ್ಲದೆ ಮಾತಾಡಬೇಡಿ.

ಇಂಗುಗುಂಡಿ

ನಿಮಗೆ ಹೇಳಿದ್ದಲ್ಲ. ಹತ್ತು ಮನೆಯಲ್ಲಿ ಎಂಟಕ್ಕೆ ಹೇಳಿದ್ದು.

ಓಣಿಮನೆ

ನಮ್ಮ ಅಂಗಳಕ್ಕೆ ಇಂಟರ್‌ಲಾಕ್ ಉಂಟು. ಮಾಡಿನ ಪೈಪೂ ಓಣಿಗೇ. ಈಗ ನಾಚಿಕೆ ಆಗುತ್ತಿದೆ.

ಬಾಯಾರು ಗುಡ್ಡೆ

ನಮ್ಮ ಕಡೆ ಬನ್ನಿ. ಬಾವಿಯೇ ಅಲ್ಲ, ಮುರಕಲ್ಲಿನ ಗುಡ್ಡೆಗೆ ಅಡ್ಡಕ್ಕೆ ಸುರಂಗ ಕೊರೆದು ನೀರು ತರುತ್ತೇವೆ. ಪಂಪು ಬೇಡ, ಕರೆಂಟು ಬೇಡ, ತನ್ನಷ್ಟಕ್ಕೆ ಹರಿದು ಟ್ಯಾಂಕಿಗೆ ಬೀಳುತ್ತದೆ. ನನ್ನ ಅಜ್ಜ ಮಂಡಿಯೂರಿ ಕೂತು ಎಣ್ಣೆ ದೀಪದಲ್ಲಿ ಕೊರೆದದ್ದು. ಗುಡ್ಡೆಯ ನೆತ್ತಿಯಲ್ಲಿ ಮಳೆ ಇಂಗಿದರೆ ಮಾತ್ರ ಸುರಂಗದಲ್ಲಿ ನೀರು. ಹಾಗಾಗಿ ಓಣಿ ಒಂದಕ್ಕೆ ಕಾಂಕ್ರೀಟ್ ಹಾಕಿದರೆ ಎಂತ ಆಗುತ್ತದೆ ಅಂತ ಕೇಳಬೇಡಿ. ಓಣಿ, ಅಂಗಳ, ಗುಡ್ಡೆ, ಒಂದೊಂದಾಗಿಯೇ ಮುಚ್ಚುವುದು.

ಸ್ಟ್ಯಾಂಡ್ ನಂಬರ್ 3

ಮಣ್ಣಿನ ದಾರಿಗೆ ನಾನೂ ಒಂದು ಒಳ್ಳೆ ಮಾತು ಹೇಳುತ್ತೇನೆ. ನೀರಿನ ಪೈಪಿಗೆ ಅಗೆದರೆ ಎರಡು ದಿನದಲ್ಲಿ ಮಣ್ಣು ಮುಚ್ಚಿ ಮೊದಲಿನ ಹಾಗೆ. ನಮ್ಮ ಮನೆ ಹತ್ತಿರ ಹೊಸ ಕಾಂಕ್ರೀಟ್ ಹಾಕಿ ಒಂದು ವರ್ಷ ಆಗಿರಲಿಲ್ಲ. ಪೈಪಿನವರು ಬಂದು ನಡುವೆ ಉದ್ದಕ್ಕೆ ಕತ್ತರಿಸಿದರು. ಆ ಗೀರು ಹಾಗೇ ಉಂಟು. ಬೈಕಿನ ಚಕ್ರ ಅದರಲ್ಲಿ ಸಿಕ್ಕಿದರೆ ರಪಕ್ಕ ಬೀಳುವುದೇ.

ನೈಟ್ ಡ್ಯೂಟಿ

ನಾನು ನರ್ಸ್. ಒಂದು ವಿಷಯ ಹೇಳಿ ಹೋಗುತ್ತೇನೆ. ಮಳೆಗಾಲದಲ್ಲಿ ಪ್ರತಿ ವರ್ಷ ಇಲಿಜ್ವರದವರು ಬರುತ್ತಾರೆ. ಇಲಿಯ ಮೂತ್ರ ಸೇರಿದ ಕೆಸರು ನೀರು ಕಾಲಿನ ಗಾಯಕ್ಕೆ ತಾಗಿದರೆ ಸಾಕು. ಹಿಮ್ಮಡಿ ಒಡೆದವರಿಗೆ ಅಪಾಯ ಜಾಸ್ತಿ. ಜ್ವರದ ಜೊತೆ ಮೀನಖಂಡ ಹಿಂಡಿದ ಹಾಗೆ ನೋವು, ಕಣ್ಣು ಕೆಂಪು ಆದರೆ ಪ್ಯಾರಸಿಟಮಾಲ್ ನುಂಗಿ ಮಲಗಬೇಡಿ, ಡಾಕ್ಟರಿಗೆ ತೋರಿಸಿ. ಮಣ್ಣಲ್ಲಿ ಬರಿಗಾಲಲ್ಲಿ ನಡೆಯುವುದು ಆರೋಗ್ಯ ಅಂತ ವಾಟ್ಸಾಪಿನಲ್ಲಿ ಬರುವುದು ಜುಲೈ ತಿಂಗಳಿಗೆ ಅಲ್ಲ.

ಗೇರುಬೀಜ

ಇಲಿ ಇರುವುದು ಪೇಟೆಯ ಮುಚ್ಚಿದ ಚರಂಡಿಯಲ್ಲಿ ಮೇಡಂ, ನಮ್ಮ ಓಣಿಯಲ್ಲಲ್ಲ.

ನೈಟ್ ಡ್ಯೂಟಿ

ಇಲಿಗೆ ವಾರ್ಡ್ ನಂಬರ್ ಗೊತ್ತಿಲ್ಲ ಅಣ್ಣ.

ಬೈಲುಕರೆ

ಹಾವಿನ ವಿಷಯ ಯಾರೂ ಎತ್ತಲಿಲ್ಲ. ವಿಷದ ಕನ್ನಡಿ ಹಾವು ಮಣ್ಣಿನ ಬಣ್ಣದಲ್ಲೇ ಇರುತ್ತದೆ. ತರಗೆಲೆಯ ಮೇಲೆ ಮಲಗಿದರೆ ದೇವರಿಗೇ ಗೊತ್ತು. ಓಣಿಯಲ್ಲಿ ಬೀದಿದೀಪ ಉಂಟಾ?

ಓಣಿಮನೆ

ಒಂದು ಉಂಟು. ಮಾವಿನ ಮರದ ಒಳಗೆ ಸೇರಿಕೊಂಡಿದೆ. ಎಲೆಗೆ ಬೆಳಕು, ದಾರಿಗೆ ನೆರಳು.

ಹಳೆ ಗುಮಾಸ್ತ

ದಾಖಲೆಯ ಮಾತು ಕೇಳಿ. ಆ ಓಣಿ ಪುರಸಭೆಯ ಆಸ್ತಿ ರಿಜಿಸ್ಟರಿನಲ್ಲಿ ಸೇರಿದೆಯಾ? ಸೇರಿಲ್ಲದಿದ್ದರೆ ಅದು ಖಾಸಗಿ ದಾರಿ, ಸರಕಾರಿ ದುಡ್ಡು ಬೀಳುವುದಿಲ್ಲ. ಮೊದಲು ಎರಡು ಬದಿಯವರು ಜಾಗ ಬಿಟ್ಟುಕೊಟ್ಟು ಬರೆದು ಕೊಡಬೇಕು. ಆಗ ಅಗಲ ಅಳೆಯುತ್ತಾರೆ. ಅಳೆದ ದಿನ ನಿಮ್ಮ ಮುರಕಲ್ಲಿನ ಪಾಗಾರ ಯಾರ ಜಾಗದಲ್ಲಿ ಉಂಟು, ಮಾವಿನ ಮರ ಯಾರದ್ದು, ಎಲ್ಲಾ ಹೊರಗೆ ಬರುತ್ತದೆ. ಎಷ್ಟೋ ಕಡೆ ಕಾಂಕ್ರೀಟ್ ನಿಂತದ್ದು ಸಿಮೆಂಟ್ ಇಲ್ಲದೆ ಅಲ್ಲ, ಅಣ್ಣ ತಮ್ಮ ಒಂದಡಿ ಬಿಡದೆ.

ಮತ್ತೆ, ಅರ್ಜಿ ಯಾವ ಭಾಷೆಯಲ್ಲಿ ಉಂಟು?

ಓಣಿಮನೆ

ಮಲಯಾಳದಲ್ಲಿ ಬರೆದಿದ್ದಾರೆ ಅಂತ ಹೇಳಿದರು. ಹನ್ನೊಂದರಲ್ಲಿ ನಾಲ್ಕು ಮನೆ ಕನ್ನಡದವರದ್ದು, ಎರಡು ಮನೆಯಲ್ಲಿ ತುಳು. ನಮ್ಮ ಓಣಿಯಲ್ಲಿ ಜಗಳ ಮಾಡುವಾಗ ಮಾತ್ರ ಎಲ್ಲರಿಗೂ ಎಲ್ಲಾ ಭಾಷೆ ಬರುತ್ತದೆ.

ಹಳೆ ಗುಮಾಸ್ತ

ಕನ್ನಡದಲ್ಲೂ ಕೊಡಬಹುದು ಅಂತ ನೆನಪಿರಲಿ. ಕಾಸರಗೋಡಿನ ಕನ್ನಡದವರು ಸರಕಾರಿ ಕಚೇರಿಗೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲಿ ಬರಬೇಕು. 1969ರ ಕಾಯ್ದೆಯಿಂದಲೇ ಬಂದ ಹಕ್ಕು. ನಾವೇ ಕೇಳುವುದು ಬಿಟ್ಟರೆ ಅವರು ಯಾಕೆ ಕೊಡುತ್ತಾರೆ?

ಕುಂಬಳೆ ಪ್ಯಾಸೆಂಜರ್

ಶುರುವಾಯಿತು. ರಸ್ತೆಯ ವಿಷಯಕ್ಕೆ ಬನ್ನಿ ಮಾರಾಯ್ರೆ.

ಹಳೆ ಗುಮಾಸ್ತ

ಇದೂ ರಸ್ತೆಯ ವಿಷಯವೇ. ನಾಳೆ ಓಣಿಗೆ ಬೋರ್ಡ್ ಹಾಕುವಾಗ ಹೆಸರು ಯಾವ ಭಾಷೆಯಲ್ಲಿ ಇರುತ್ತದೆ ನೋಡುವ.

ಅಕ್ಕಲಕೋಟೆಯವ

ಗುಮಾಸ್ತರು ಹೇಳಿದ್ದು ಖರೆ. ನಮ್ಮಲ್ಲೂ ಇದೇ ಕಥೆ, ಅಕ್ಷರ ಮಾತ್ರ ಬೇರೆ.

ನಾಲ್ಕನೇ ಮನೆ

ಇಷ್ಟು ದಿನ ಸುಮ್ಮನೆ ಓದುತ್ತಿದ್ದೆ. ಓಣಿಮನೆ ಅವರ ಓಣಿ ಅಲ್ಲ ನಮ್ಮದು, ಆದರೆ ಅದರ ಅಣ್ಣನೋ ತಮ್ಮನೋ ಆಗಿರಬೇಕು. ನಮ್ಮ ತಂದೆ ಗಾಲಿಕುರ್ಚಿಯಲ್ಲಿ. ಪಾರ್ಶ್ವವಾಯು ಆಗಿ ಆರು ವರ್ಷ. ಮಣ್ಣಿನಲ್ಲಿ ಗಾಲಿಕುರ್ಚಿಯ ಮುಂದಿನ ಸಣ್ಣ ಚಕ್ರ ಹೂತುಹೋಗುತ್ತದೆ. ಹಿಂದಕ್ಕೆ ತಿರುಗಿಸಿ ಎಳೆಯಬೇಕು, ಆಗ ಅವರ ಮುಖ ಹಿಂದಕ್ಕೆ. ಮನೆಯಿಂದ ಹೊರಗೆ ಹೋಗುವಾಗೆಲ್ಲ ಅವರು ನೋಡುವುದು ಬಿಟ್ಟು ಬಂದ ಮನೆಯನ್ನೇ. ಒಮ್ಮೆ ನಗುತ್ತಾ ಹೇಳಿದ್ದರು, "ನನ್ನನ್ನು ಎಲ್ಲಿಗೆ ಕೊಂಡುಹೋಗುತ್ತೀರಿ ಅಂತ ನನಗೆ ಮುಟ್ಟಿದ ಮೇಲೆಯೇ ಗೊತ್ತಾಗುವುದು" ಅಂತ.

ಹಳ್ಳಿಯ ಚೆಂದ ನನಗೂ ಇಷ್ಟ. ಎರಡು ಕಾಲು ಗಟ್ಟಿ ಇರುವವರೆಗೆ.

ಓಣಿಮನೆ

ನಿಮ್ಮ ಮಾತು ಓದಿ ರಾತ್ರಿ ನಿದ್ದೆ ಬರಲಿಲ್ಲ.

ಮುರಕಲ್ಲು

ನಡುವಿನ ದಾರಿ ಉಂಟು. ತೋಟದ ಮನೆಗಳಿಗೆ ಏರು ದಾರಿಯಲ್ಲಿ ಮಾಡುತ್ತಾರಲ್ಲ, ಚಕ್ರ ಹೋಗುವಲ್ಲಿ ಮಾತ್ರ ಎರಡು ಪಟ್ಟಿ ಕಾಂಕ್ರೀಟ್. ನಡುವೆ ಹುಲ್ಲು. ಪಟ್ಟಿ ಎರಡೂವರೆ ಅಡಿ ಅಗಲ ಇಟ್ಟರೆ ಗಾಲಿಕುರ್ಚಿ ಒಂದೇ ಪಟ್ಟಿಯ ಮೇಲೆ ಹೋಗುತ್ತದೆ. ಮುದುಕರು ಅದರ ಮೇಲೆ ನಡೆಯಬಹುದು. ಸಿಮೆಂಟ್ ಅರ್ಧ ಉಳಿಯುತ್ತದೆ. ಕಣಿ ಮಾತ್ರ ಬೇಕು, ಇದನ್ನು ಸಾಯುವವರೆಗೆ ಹೇಳುತ್ತೇನೆ.

ಸ್ಟ್ಯಾಂಡ್ ನಂಬರ್ 3

ಮಾವ, ಪಟ್ಟಿ ಎರಡು ಮಾಡಿದರೆ ನಮ್ಮ ಮುಂದಿನ ಚಕ್ರ ಪುನಃ ಹುಲ್ಲಿನಲ್ಲಿ! ಆಟೋದವರನ್ನು ಯಾರೂ ಲೆಕ್ಕಕ್ಕೇ ಇಡುವುದಿಲ್ಲ.

ಮುರಕಲ್ಲು

ಅದು ಹೌದು. ಯೋಚಿಸಲಿಲ್ಲ. ನಡುವೆ ಚರಳು ತುಂಬಿ ಪಟ್ಟಿಯ ಮಟ್ಟಕ್ಕೆ ಗುದ್ದಿಸಬೇಕು. ಗುಂಡಿ ಬೀಳದ ಹಾಗೆ.

ಹೊಸೂರು ಬಸ್‌ಸ್ಟ್ಯಾಂಡ್

ನಮ್ಮ ಬೀದಿಗೂ ಯಾರಾದರೂ ಇಷ್ಟು ತಲೆಕೆಡಿಸಿಕೊಂಡಿದ್ದರೆ!

ಪೆರ್ಲದ ಟೀಚರ್

ನಡುವೆ ಹುಲ್ಲಿದ್ದರೆ ಬದಿಯಲ್ಲಿ ತಜಂಕೂ ಬರಬಹುದು. ಓಣಿಮನೆ, ಎಂತ ಆಯಿತು ಅಂತ ಬರೆಯಿರಿ.

ಓಣಿಮನೆ (ಮುಂದಿನ ಭಾನುವಾರ, ಸಂಜೆ 6.40)

ಎಂತ ಆಯಿತು ಅಂತ ಹೇಳುತ್ತೇನೆ. ಎರಡು ಪಟ್ಟಿಯ ಚಿತ್ರ ಕಾಗದದಲ್ಲಿ ಬರೆದುಕೊಂಡು ನಿನ್ನೆ ಕೊನೆಯ ಮನೆಗೆ ಹೋದೆ. ಚಹಾ ಕೊಟ್ಟರು. ಚಿತ್ರ ನೋಡಿದರು. ಬೇಡ ಅನ್ನಲಿಲ್ಲ, ಹೂಂ ಅಂತಲೂ ಅನ್ನಲಿಲ್ಲ. "ಕಣಿ ಮಾಡಿಸುವುದು ಒಳ್ಳೆಯದು" ಅಂದರು. ಆಮೇಲೆ ಅರ್ಜಿ ತಂದು ತೋರಿಸಿದರು.

ಅರ್ಜಿ ಮಲಯಾಳದಲ್ಲಿ. ಕೆಳಗೆ ಸಹಿಗಳು. ಮೂರನೆಯದು ಕನ್ನಡದಲ್ಲಿ, ಒಂದೊಂದೇ ಅಕ್ಷರ ಬಿಡಿಸಿ ಬರೆದದ್ದು. ಅಮ್ಮನದು. ತಾರೀಕು ನೋಡಿದರೆ ನಾನು ಇಲ್ಲಿ ಪ್ರಶ್ನೆ ಹಾಕುವುದಕ್ಕಿಂತ ನಾಲ್ಕು ದಿನ ಮೊದಲಿನದು.

ಮನೆಗೆ ಬಂದು ಕೇಳಿದೆ. ಅಮ್ಮ ಬಾವಿಕಟ್ಟೆಯ ಹತ್ತಿರ ಕೂತು ಮೀನು ಕೊಯ್ಯುತ್ತಿದ್ದರು. ತಲೆ ಎತ್ತಲಿಲ್ಲ. "ಮೀನಿನವನ ಸ್ಕೂಟರ್ ಒಳಗೆ ಬರುವುದಿಲ್ಲ ಅಲ್ವಾ. ಈ ಮಂಡಿ ಇಟ್ಟುಕೊಂಡು ಎಷ್ಟು ದಿನ ಅಲ್ಲಿವರೆಗೆ ಹೋಗುವುದು? ನೀನು ಒಂದು ದಿನ ತಂದದ್ದು ಉಂಟಾ?" ಅಂದರು.

ಬೈಲುಕರೆ

ಮೆರವಣಿಗೆ! 😀

ನೈಟ್ ಡ್ಯೂಟಿ

ಅಮ್ಮನ ಮಂಡಿಗೆ ಒಂದು ಎಕ್ಸ್‌ರೇ ತೆಗೆಸಿ. ಓಣಿ ಆಮೇಲೆ ನೋಡುವ.

ಗೇರುಬೀಜ

ನಾನು ನನ್ನ ಮಾತು ವಾಪಸ್ ತೆಗೆದುಕೊಳ್ಳುವುದಿಲ್ಲ. ಆದರೆ ಅಮ್ಮನ ಎದುರು ಮಾತಾಡುವ ಧೈರ್ಯ ಇಲ್ಲ.

ಸ್ಟ್ಯಾಂಡ್ ನಂಬರ್ 3

ಇವತ್ತು ಯಾರು ಹೋದದ್ದು ಮೀನಿಗೆ?

ಓಣಿಮನೆ

ನಾನೇ ಹೋದೆ. ಬೆಕ್ಕುಗಳು ಗೇಟಿನವರೆಗೆ ಬಂದು ವಾಪಸ್ ಹೋದವು. ಬಂಗುಡೆ ತಂದೆ. "ಕಿವಿರು ಎತ್ತಿ ನೋಡಿದ್ದೀಯಾ?" ಅಂತ ಕೇಳಿದರು. ನೋಡಿರಲಿಲ್ಲ.